ವಾರಕ್ಕೊಂದು ಕಾಲು ಸುತ್ತು

ಮಾರ್ಚ್ 3

ಕೂಸೇ,

ಮಂಡಿ ಪರವಾಗಿಲ್ಲ. ಈ ಮನೆಯಲ್ಲಿ ಮೆಟ್ಟಿಲೆಂಬುದೇ ಇಲ್ಲ. ನಿನ್ನ ಚಿಕ್ಕಪ್ಪ ನನ್ನನ್ನು ಗಾಜಿನ ಸಾಮಾನಿನ ಹಾಗೆ ನೋಡಿಕೊಳ್ಳುತ್ತಿದ್ದಾನೆ. ಕಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಫೋನ್ ಮಾಡಬೇಡ, ನಿನ್ನ ದನಿ ಡಬ್ಬಿಯೊಳಗೆ ಸಿಕ್ಕಿಬಿದ್ದ ಇಲಿಯದರ ಹಾಗೆ ಕೇಳಿಸುತ್ತದೆ. ಮೂವತ್ತೈದು ವರ್ಷ ಟರ್ಬೈನ್ ಪಕ್ಕ ನಿಂತವನಿಗೆ ಇಷ್ಟಾದರೂ ಕಿವಿ ಉಳಿದದ್ದೇ ಹೆಚ್ಚು. ಬರೆ, ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಶನಿವಾರ ಚಿಕ್ಕಪ್ಪನ ಅಳಿಯ ಊಟಕ್ಕೆ ಬಂದಿದ್ದ. ಹೋಟೆಲಿನಲ್ಲಿ ವೈನ್ ಬಡಿಸುವ ವಿಭಾಗಕ್ಕೆ ಅವನೇ ಮುಖ್ಯಸ್ಥ, ನಿನಗೆ ಗೊತ್ತಲ್ಲ. ನಾನು ಸ್ವಲ್ಪ ಜಂಬದಿಂದಲೇ ನಮ್ಮ ನೆಲಮಾಳಿಗೆಯ ವಿಷಯ ತೆಗೆದೆ. ದ್ರಾಕ್ಷಿ ತೋಟದವರ ಪಂಪು ರಿಪೇರಿ ಮಾಡಿಕೊಟ್ಟಾಗ ಅವರು ಕೊಟ್ಟ ಇಪ್ಪತ್ನಾಲ್ಕು ಬಾಟಲಿ ಕ್ಯಾಬರ್ನೆ ಎಂಬ ಕೆಂಪು ವೈನ್. ಇಪ್ಪತ್ತೈದು ವರ್ಷ ಮುಟ್ಟಬೇಡಿ ಎಂದು ಅವರು ಹೇಳಿದ್ದು. ನಾವು ಮೂವತ್ತು ವರ್ಷ ಮುಟ್ಟದೆ ಇಟ್ಟಿದ್ದು. ಅಲ್ಲಿಯವರೆಗೂ ಅವನ ಕಣ್ಣು ಅರಳಿತ್ತು. ಆಮೇಲೆ, ಪ್ರತಿ ಭಾನುವಾರ ಒಂದೊಂದನ್ನೂ ಕಾಲು ಸುತ್ತು ತಿರುಗಿಸಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದೆವು ಎಂದೆ. ಅವನ ತುತ್ತು ಕೈಯಲ್ಲೇ ನಿಂತಿತು.

ಕಾಗದದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದ. "ದೊಡ್ಡಮಾವ, ಹಳೇ ವೈನಿನಲ್ಲಿ ಗಸಿ ಕೂರುತ್ತೆ. ಅದನ್ನ ಕದಡಲೇಬಾರದು. ವಾರ ವಾರ ಕದಡಿದ್ರೆ ಕಹಿಯಾಗಿ ಸತ್ತೇ ಹೋಗಿರುತ್ತೆ. ಯಾರು ಹೇಳಿಕೊಟ್ರು ನಿಮಗೆ?"

ಯಾರು ಹೇಳಿಕೊಡಬೇಕು? ನಮ್ಮ ವಿದ್ಯುತ್ ಕೇಂದ್ರದ ಉಗ್ರಾಣದಲ್ಲಿ ಟರ್ಬೈನಿನ ಬಿಡಿ ಶಾಫ್ಟ್ ಒಂದು ಸದಾ ಇರುತ್ತಿತ್ತು. ಬಸ್ಸಿನಷ್ಟು ಉದ್ದದ ಉಕ್ಕಿನ ದಂಡ. ಎಷ್ಟೇ ದಪ್ಪವಿರಲಿ, ಅಡ್ಡ ಮಲಗಿಸಿದರೆ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಬಾಗುತ್ತದೆ. ಅದಕ್ಕೆ ವಾರಕ್ಕೊಮ್ಮೆ ಕಾಲು ಸುತ್ತು, ತಿರುಗಿಸಿದ್ದಕ್ಕೆ ಸೀಮೆಸುಣ್ಣದ ಗುರುತು. ಮಲಗಿರುವುದನ್ನೆಲ್ಲ ತಿರುಗಿಸಬೇಕು ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳಬೇಕು ಎಂದು ತೋಚಲೂ ಇಲ್ಲ.

ಮೂರು ದಿನದಿಂದ ಊಟ ಸೇರುತ್ತಿಲ್ಲ. ಒಬ್ಬ ಪುಣ್ಯಾತ್ಮ ನಂಬಿ ಕೊಟ್ಟದ್ದನ್ನು ಸಾವಿರದ ಐನೂರು ಭಾನುವಾರ ಶ್ರದ್ಧೆಯಿಂದ ಹಾಳು ಮಾಡಿದ್ದೇನೆ. ನೀನು ಎಲ್ಲವನ್ನೂ ಸಿಂಕಿಗೆ ಸುರಿದು ಬಾಟಲಿಗಳನ್ನು ಗುಜರಿಗೆ ಹಾಕು. ಆದಮೇಲೆ ಒಂದು ಸಾಲು ಬರೆದು ತಿಳಿಸು.

ಇಂತಿ ನಿನ್ನ
ಅಪ್ಪ


ಮಾರ್ಚ್ 11

ಅಪ್ಪ,

ಸುರಿದಿಲ್ಲ. ನಿಮ್ಮ ಮಾತನ್ನು ಮೀರಿದೆನೋ, ಮುಂದೂಡಿದೆನೋ ನನಗೇ ಸ್ಪಷ್ಟವಿಲ್ಲ. ಲ್ಯಾಬಿನಲ್ಲಿ ದಿನಕ್ಕೆ ನೂರು ರಕ್ತ, ಮೂತ್ರದ ಸ್ಯಾಂಪಲ್ ನೋಡುವವಳು ನಾನು. ನೋಡದೆ ರಿಪೋರ್ಟ್ ಕೊಡುವ ಅಭ್ಯಾಸವಿಲ್ಲ. ಸುರಿಯುವ ಮೊದಲು ಒಂದನ್ನಾದರೂ ತೆರೆದು ನೋಡಬೇಡವೇ?

ಶನಿವಾರ ಕೆಲಸ ಮುಗಿಸಿ ಬಂದವಳು ನೇರ ಕೆಳಗಿಳಿದೆ. ನೀವು ಹೋಗಿ ಎಂಟು ತಿಂಗಳಾದರೂ ಆ ಕೋಣೆಯಲ್ಲಿ ಏನೂ ಬದಲಾಗಿಲ್ಲ. ಹಿಂದಿನವರು ಕಲ್ಲಿದ್ದಲು ತುಂಬುತ್ತಿದ್ದ ಮೂಲೆಯಲ್ಲಿ ಗೋಡೆ ಇನ್ನೂ ಕಪ್ಪಾಗಿದೆ. ಕಿಟಕಿಯಿಲ್ಲ. ಬೇಸಿಗೆಯಲ್ಲೂ ತೋಳಿನ ರೋಮ ನಿಲ್ಲುವಷ್ಟು ತಂಪು. ಮೇಲಿನ ಹಲಗೆಯಲ್ಲಿ ನಿಮ್ಮ ಹನ್ನೆರಡು, ಕೆಳಗಿನದರಲ್ಲಿ ನನ್ನ ಹನ್ನೆರಡು. ನಿಮಗೆ ಬಗ್ಗಲು ಆಗದು, ನನಗೆ ಆಗ ಮೇಲಕ್ಕೆ ಎಟುಕದು. ಹದಿಮೂರನೇ ವಯಸ್ಸಿನಲ್ಲಿ ಆದ ಆ ಪಾಲು ಹಾಗೆಯೇ ಉಳಿದುಬಿಟ್ಟಿತು. ಲೇಬಲ್ಲಿಲ್ಲದ, ಅರಗಿನ ಟೋಪಿ ಹಾಕಿಕೊಂಡ ಕಪ್ಪು ಬಾಟಲಿಗಳು. ಪ್ರತಿಯೊಂದರ ತಳದಲ್ಲೂ ಒಂದು ಬಿಳಿ ಗೆರೆ. "ಮಕ್ಕಳನ್ನೂ ಇಷ್ಟು ಸಲ ಮಗ್ಗುಲು ಬದಲಿಸಿ ಮಲಗಿಸಲಿಲ್ಲ ನೀವು" ಎಂದು ಅಮ್ಮ ನಿಮ್ಮನ್ನು ಛೇಡಿಸುತ್ತಿದ್ದದ್ದು ನೆನಪಾಯಿತು.

ಚಿಕ್ಕಪ್ಪನ ಅಳಿಯನಿಗೆ ಫೋನ್ ಮಾಡಿ ಕೇಳಿದೆ. ಎರಡು ವಾರ ನೆಟ್ಟಗೆ ನಿಲ್ಲಿಸಿಡಬೇಕಂತೆ, ಗಸಿ ತಳಕ್ಕಿಳಿಯಲಿಕ್ಕೆ. ಮೇಲಿನಿಂದ ಒಂದು, ಕೆಳಗಿನಿಂದ ಒಂದು ತೆಗೆದು ನಿಲ್ಲಿಸಿದ್ದೇನೆ. ತೆರೆಯಲು ಒಪ್ಪಿಗೆ ಕೊಡುತ್ತೀರಾ?

ನಿಮ್ಮ
ಮಗಳು


ಮಾರ್ಚ್ 17

ಕೂಸೇ,

ತೆರೆ. ಆದರೆ ಒಂದು ಷರತ್ತು. ನನಗೆ ಸಮಾಧಾನ ಬೇಡ.

ನಿನ್ನ ಅಮ್ಮನ ರಿಪೋರ್ಟ್ ಬಂದ ದಿನ ನೀನು ಬಾಗಿಲಲ್ಲೇ ನಿಂತು "ಏನಿಲ್ಲಪ್ಪ, ಏನಿಲ್ಲ" ಎಂದೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದೆ, ನನಗೆ ಗೊತ್ತು. ಆದರೆ ನಿನ್ನ ಆ "ಏನಿಲ್ಲ"ದಿಂದ ಅವಳ ಜೊತೆ ಕೂತು ಮಾತಾಡಬಹುದಾಗಿದ್ದ ಹನ್ನೊಂದು ದಿನ ನಾನು ಕಳೆದುಕೊಂಡೆ. ಅದನ್ನು ಇದುವರೆಗೂ ಹೇಳಿರಲಿಲ್ಲ. ಈಗ ಹೇಳಿದ್ದೇನೆ.

ಕೆಟ್ಟಿದ್ದರೆ ಕೆಟ್ಟಿದೆ ಎಂದು ಬರೆ.

ಅಪ್ಪ


ಮಾರ್ಚ್ 26

ಅಪ್ಪ,

ಹನ್ನೊಂದು ದಿನ ಎಂದು ನೀವು ಬರೆದ ಪತ್ರ ಮೇಜಿನ ಮೇಲಿದೆ. ಅದರ ಪಕ್ಕದಲ್ಲೇ ಇದನ್ನು ಬರೆಯುತ್ತಿದ್ದೇನೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಮೇಲಿನ ಹಲಗೆಯ ಬಾಟಲಿ ತೆರೆದೆ. ಅಂದರೆ ನೀವು ತಿರುಗಿಸಿದ್ದು. ಅರಗು ಒಡೆದೆ. ಬಿರಟೆ ಅರ್ಧ ಬಂದು ಮುರಿಯಿತು. ಉಳಿದರ್ಧವನ್ನು ತೆಗೆಯಲು ಕಾಲು ಗಂಟೆ ಹಿಡಿಯಿತು. ಒಳಬದಿ ಇದ್ದಿಲಿನಷ್ಟು ಕಪ್ಪಾಗಿತ್ತು. ಟಾರ್ಚನ್ನು ಬಾಟಲಿಯ ಕತ್ತಿನ ಹಿಂದೆ ಹಿಡಿದು, ಗಾಜಿನ ಹೂಜಿಗೆ ಉಸಿರು ಬಿಗಿಹಿಡಿದು ಬಗ್ಗಿಸಿದೆ. ಗಸಿಯ ಮೊದಲ ಎಳೆ ಕತ್ತಿನವರೆಗೆ ಬಂದದ್ದು ಕಂಡೊಡನೆ ನಿಲ್ಲಿಸಿದೆ.

ಮೊದಲು ಮೂಗಿಗೆ ಹತ್ತಿದ್ದು ಬರೀ ನೆಲಮಾಳಿಗೆ. ತೇವ, ಮಣ್ಣು, ಹಳೆಯ ಕಬ್ಬಿಣ. ಒಂದು ಹನಿ ನಾಲಿಗೆಗೆ ಇಟ್ಟೆ, ಸಪ್ಪೆ. ಅಳಿಯ ಹೇಳಿದ್ದು ನಿಜ, ಸತ್ತಿದೆ ಎಂದುಕೊಂಡೆ. ನಿಮಗೆ ಬರೆಯಬೇಕಾದ ಸಾಲನ್ನು ಮನಸ್ಸಿನಲ್ಲೇ ಜೋಡಿಸುತ್ತ, ಗ್ಲಾಸನ್ನು ಅಲ್ಲೇ ಬಿಟ್ಟು ಒಣಗಿದ ಬಟ್ಟೆ ಮಡಚಲು ಹೋದೆ.

ಅರ್ಧ ಗಂಟೆ ಬಿಟ್ಟು ಅಡುಗೆಮನೆಗೆ ಬಂದರೆ ಯಾರೋ ಬಂದು ಕೂತಿದ್ದಾರೆ ಅನ್ನಿಸಿತು. ನಿಜವಾಗಿ ಹಾಗೆಯೇ ಅನ್ನಿಸಿತು. ಬಾಗಿಲಲ್ಲೇ ನಿಂತು ಸುತ್ತ ನೋಡಿದೆ. ಯಾರೂ ಇಲ್ಲ. ಕೋಣೆಯ ತುಂಬ ಒಂದು ವಾಸನೆ. ಆಗಷ್ಟೇ ಚೂಪು ಮಾಡಿದ ಪೆನ್ಸಿಲ್, ಒಣದ್ರಾಕ್ಷಿಯ ಡಬ್ಬಿ, ಬಹಳ ಕಾಲ ಕೈಗೆ ಕಟ್ಟಿದ ಗಡಿಯಾರದ ಚರ್ಮದ ಪಟ್ಟಿ. ಒಂದೊಂದಾಗಿ ಅಲ್ಲ, ಒಂದೇ ಮನುಷ್ಯನ ಮುಖದಲ್ಲಿ ಕಣ್ಣು ಮೂಗು ಬಾಯಿ ಇರುವ ಹಾಗೆ.

ಬಣ್ಣವನ್ನು ಹೇಗೆ ಹೇಳಲಿ? ನಾನು ದಿನವೂ ರಿಪೋರ್ಟಿನಲ್ಲಿ ಬರೆಯುವ ಬಣ್ಣದ ಪದಗಳನ್ನು ಇಲ್ಲಿ ಬಳಸಿದರೆ ನೀವು ಜನ್ಮದಲ್ಲಿ ವೈನ್ ಮುಟ್ಟಲಾರಿರಿ. ನಡುವೆ ದಟ್ಟ ಕೆಂಪು, ಅಂಚಿನಲ್ಲಿ ಹಳೆಯ ಇಟ್ಟಿಗೆಯ ಬಣ್ಣ. ಎರಡರ ನಡುವೆ ಗೆರೆ ಎಳೆಯಲು ಜಾಗವೇ ಇಲ್ಲ.

ಕುಡಿದೆ. ಅಪ್ಪ, ನಾನು ಎದ್ದು ನಿಂತೆ. ಹಿರಿಯರು ಕೋಣೆಗೆ ಬಂದರೆ ಎದ್ದು ನಿಲ್ಲುವುದಿಲ್ಲವೇ, ಹಾಗೆ. ಯಾರೂ ನೋಡುತ್ತಿರಲಿಲ್ಲವಾದ್ದರಿಂದ ನಾಚಿಕೆಯಾಗಲಿಲ್ಲ. ನೋಡುತ್ತಿದ್ದರೂ ಕೂರುತ್ತಿರಲಿಲ್ಲವೇನೋ.

ತೋಟದವರು ಬಾಟಲಿಗಳನ್ನು ತಂದ ದಿನ ನನ್ನ ಬೆರಳ ತುದಿಗೆ ಒಂದು ಹನಿ ಹಾಕಿದ್ದರು. ನಾಲಿಗೆ ಒಗರಿಗೆ ಮರಗಟ್ಟಿ ನಾನು ಮುಖ ಕಿವುಚಿದ್ದೆ, ಎಲ್ಲರೂ ನಕ್ಕಿದ್ದಿರಿ. ಆ ಒಗರು ಈಗಲೂ ಇದೆ. ಆದರೆ ಗದರುವುದನ್ನು ಬಿಟ್ಟಿದೆ. ಹಣ್ಣಿನ ಸಿಹಿಯನ್ನು ಕೈಹಿಡಿದು ನಡೆಸುತ್ತದೆ, ಗಂಟಲು ದಾಟಿದ ಮೇಲೂ ಕೈ ಬಿಡುವುದಿಲ್ಲ. ನಾನು ಗಡಿಯಾರ ನೋಡಿಕೊಂಡೆ, ಅಭ್ಯಾಸ ಬಲ. ಒಂದು ಗುಟುಕಿನ ರುಚಿ ಬಾಯಿಂದ ಹೋಗಿ ಮುಗಿಯಲು ಒಂದು ನಿಮಿಷದ ಮೇಲೆ ಹಿಡಿಯಿತು.

ಅಂದಿನಿಂದ ನನ್ನನ್ನು ಕಾಡಿದ್ದು ಇದು: ಆ ಬಾಟಲಿಯೊಳಕ್ಕೆ ಯಾರೂ ಏನೂ ಹಾಕಿಲ್ಲ, ಹೊರಗೆ ಏನೂ ತೆಗೆದಿಲ್ಲ. ನನಗೆ ಹತ್ತು ವರ್ಷವಿದ್ದಾಗ ಯಾವುದೋ ಗುಡ್ಡದ ಮೇಲೆ ಬಿದ್ದ ಬಿಸಿಲು ಅದು. ಆಮೇಲೆ ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮದುವೆಯಾದೆ, ಅದರಿಂದ ಹೊರಗೂ ಬಂದೆ. ಅಮ್ಮ ಹೋದಳು. ಅಷ್ಟೂ ಕಾಲ ನಮ್ಮ ಕಾಲ ಕೆಳಗೆ, ಕತ್ತಲಲ್ಲಿ, ಅದು ತನ್ನ ಪಾಡಿಗೆ ಹೀಗಾಗುತ್ತಿತ್ತು. ಮುಚ್ಚಿಟ್ಟ ಒಂದು ವಸ್ತುವಿಗೆ ಇಷ್ಟು ಗೊತ್ತಿರಲು ಸಾಧ್ಯವೇ ಎಂದು ಕೇಳಿಕೊಂಡೆ. ಕೇಳಿಕೊಂಡದ್ದು ಬಾಲಿಶ ಅನ್ನಿಸಿತು. ಆದರೂ ಕೇಳಿಕೊಂಡೆ.

ಕೆಟ್ಟಿಲ್ಲ ಅಪ್ಪ. ಇದು ನನ್ನ ರಿಪೋರ್ಟ್.

ನಿಮ್ಮ
ಮಗಳು


ಏಪ್ರಿಲ್ 2

ಕೂಸೇ,

ಬಹಳ ಚೆನ್ನಾಗಿ ಬರೆದಿದ್ದೀಯ. ಚಿಕ್ಕಪ್ಪ ಎರಡು ಸಲ ಓದಿದ. ಅವನ ಅಳಿಯನಿಗೂ ತೋರಿಸಿದೆವು. ಅವನು ನಕ್ಕು, "ಅತ್ತಿಗೆ ತುಂಬಾ ಒಳ್ಳೆಯವರು" ಎಂದು ಕಾಗದದಲ್ಲಿ ಬರೆದ.

ನನಗೂ ಅದೇ ಅನ್ನಿಸುತ್ತದೆ. ನೀನು ಒಳ್ಳೆಯವಳು. ಅದಕ್ಕೇ ನಿನ್ನ ಸಾಕ್ಷಿ ನಿಲ್ಲುವುದಿಲ್ಲ. ನಾನು ಹಾಳು ಮಾಡಿದ್ದನ್ನು ನೀನು ಹೊಗಳುತ್ತಿದ್ದೀಯ, ನಾನು ಊಟ ಮಾಡಲಿ ಎಂದು. ಊಟ ಮಾಡುತ್ತಿದ್ದೇನೆ. ಉಳಿದದ್ದನ್ನು ಸುರಿದುಬಿಡು, ಈ ವಿಷಯ ಇಲ್ಲಿಗೆ ಮುಗಿಯಲಿ.

ಅಪ್ಪ


ಮೇ 5

ಅಪ್ಪ,

ಈ ಒಂದು ತಿಂಗಳಲ್ಲಿ ನಾಲ್ಕು ಪತ್ರ ಬರೆದು ಹರಿದೆ. ಒಂದರಲ್ಲಿ ಹಟ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಬೇಡಿಕೊಳ್ಳುವುದು ಹೆಚ್ಚಾಗಿತ್ತು. ನಾನು ಸುಳ್ಳು ಹೇಳುತ್ತಿಲ್ಲ ಎಂದು ನಿಮ್ಮನ್ನು ನಂಬಿಸಲು ನನಗೆ ಉಳಿದಿರುವುದು ಒಂದೇ ದಾರಿ. ನಾನು ಹೇಳಿದ ಸುಳ್ಳನ್ನು ಹೇಳುವುದು.

ಕೆಳಗಿನ ಹಲಗೆಯ ಹನ್ನೆರಡು ಬಾಟಲಿಗಳನ್ನು ಇಪ್ಪತ್ತೆಂಟು ವರ್ಷದಿಂದ ನಾನು ತಿರುಗಿಸಿಲ್ಲ.

ಮೊದಲೆರಡು ವರ್ಷ ತಿರುಗಿಸಿದೆ. ಹದಿನೈದನೇ ವಯಸ್ಸಿನ ಒಂದು ಭಾನುವಾರ ನಿಲ್ಲಿಸಿದೆ. ಒದ್ದೆ ಬೆರಳಿನಿಂದ ಹಳೆಯ ಗುರುತು ಒರೆಸುವುದು, ಕಾಲು ಸುತ್ತು ಆಚೆ ಹೊಸ ಗುರುತು ಎಳೆಯುವುದು. ನೀವು ತಲೆಯ ಮೇಲೆ ನಿಮ್ಮ ಸಾಲನ್ನು ತಿರುಗಿಸುತ್ತಿರುವಾಗ ನಾನು ಕೆಳಗೆ ಕೂತು ಸೀಮೆಸುಣ್ಣ ಮಾತ್ರ ತಿರುಗಿಸುತ್ತಿದ್ದೆ. ಸೋಮಾರಿತನ ಎಂದರೆ ತಪ್ಪಾಗುತ್ತದೆ. ಬಾಟಲಿಯನ್ನು ತಿರುಗಿಸುವುದಕ್ಕಿಂತ ಅದು ಹೆಚ್ಚು ಕೆಲಸ. ಹಾಗಾದರೆ ಏಕೆ ಮಾಡಿದೆ? ಈ ತಿಂಗಳೆಲ್ಲ ಅದನ್ನೇ ಕೇಳಿಕೊಂಡೆ. ನನ್ನ ಓದು, ನನ್ನ ಕೂದಲು, ನಾನು ಮನೆ ಸೇರುವ ಹೊತ್ತು, ಎಲ್ಲದರಲ್ಲೂ ನಿಮ್ಮ ಗುರುತಿತ್ತು. ನೀವು ಹೇಳಿದ್ದನ್ನು ನಾನು ಮಾಡದೆ ಇದ್ದ ಒಂದೇ ಜಾಗ ಅದು. ಆಮೇಲೆ ದೊಡ್ಡವಳಾದೆ, ಸಿಟ್ಟು ಎಂದೋ ಹೋಯಿತು, ಸುಳ್ಳು ಮಾತ್ರ ರೂಢಿಯಾಗಿ ಉಳಿಯಿತು. ನೀವು ಊರು ಬಿಟ್ಟ ಮೇಲೂ ಪ್ರತಿ ಭಾನುವಾರ ಇಳಿದು ನಿಮ್ಮ ಸಾಲನ್ನು ಪ್ರಾಮಾಣಿಕವಾಗಿ ತಿರುಗಿಸಿದೆ, ನನ್ನ ಸಾಲಿಗೆ ಪ್ರಾಮಾಣಿಕವಾಗಿ ಸುಳ್ಳು ಗುರುತು ಹಾಕಿದೆ. ನಗು ಬಂದರೆ ನಗಿ.

ಸಾಕ್ಷಿ ಬೇಕಲ್ಲ, ಇದೆ. ಟಾರ್ಚ್ ಹಿಡಿದು ನೋಡಿದರೆ ನನ್ನ ಬಾಟಲಿಗಳಲ್ಲಿ ಒಂದೇ ಪಕ್ಕಕ್ಕೆ ಉದ್ದಕ್ಕೂ ಗಸಿಯ ಕಪ್ಪು ಪಟ್ಟೆ ಹೆಪ್ಪುಗಟ್ಟಿದೆ. ನಿಮ್ಮವುಗಳಲ್ಲಿ ಅದು ಸುತ್ತಲೂ ತೆಳ್ಳಗೆ ಹರಡಿದೆ. ಇಷ್ಟು ವರ್ಷ ಒಂದು ಟಾರ್ಚ್ ಸಾಕಾಗಿತ್ತು ನನ್ನನ್ನು ಹಿಡಿಯಲು. ನೀವು ಹಿಡಿಯಲಿಲ್ಲ. ನನ್ನ ಮೇಲೆ ಟಾರ್ಚ್ ಬಿಡಬೇಕು ಎಂದು ನಿಮಗೆ ಅನ್ನಿಸಲೇ ಇಲ್ಲ.

ಅಂದು ನಿಲ್ಲಿಸಿಟ್ಟ ಎರಡನೆಯ ಬಾಟಲಿಯನ್ನು ನಿನ್ನೆ ತೆರೆದೆ. ಅದರ ಪಕ್ಕಕ್ಕೆ ಮೇಲಿನ ಸಾಲಿನದು ಇನ್ನೊಂದು. ಗ್ಲಾಸುಗಳ ತಳಕ್ಕೆ ಚೀಟಿ ಅಂಟಿಸಿ, ಕಣ್ಣು ಮುಚ್ಚಿ ಅದಲು ಬದಲು ಮಾಡಿ, ಲ್ಯಾಬಿನಲ್ಲಿ ಮಾಡುವಂತೆಯೇ ಆರು ಸಲ ರುಚಿ ನೋಡಿದೆ. ಯಾವುದು ನೀವು ತಿರುಗಿಸಿದ್ದು, ಯಾವುದು ನಾನು ಮೋಸ ಮಾಡಿದ್ದು ಎಂದು ಆರರಲ್ಲಿ ಮೂರು ಸಲ ಸರಿ ಹೇಳಿದೆ. ಅಂದರೆ ಏನೂ ಗೊತ್ತಾಗಲಿಲ್ಲ.

ಎರಡೂ ಒಂದೇ ಅಪ್ಪ. ಎರಡೂ ಅಷ್ಟೇ ಗಂಭೀರ, ಅಷ್ಟೇ ಉದಾರ. ಗ್ಲಾಸುಗಳ ಮುಂದೆ ನಾನು ಬಹಳ ಚಿಕ್ಕವಳಾದೆ, ಆದರೆ ಅವಮಾನವಾಗಲಿಲ್ಲ. ನಿಮ್ಮ ಶ್ರದ್ಧೆಯನ್ನೂ ನನ್ನ ವಂಚನೆಯನ್ನೂ ಅದು ಗಣನೆಗೇ ತೆಗೆದುಕೊಂಡಿಲ್ಲ. ನಾವಿಬ್ಬರೂ ಹಲಗೆಯ ಮೇಲೂ ಕೆಳಗೂ ಕೂತು ಅದೇನು ಮಹಾ ಮಾಡುತ್ತಿದ್ದೇವೆ ಎಂದುಕೊಂಡಿದ್ದೆವೋ!

ಇನ್ನು ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಮಗಳು


ಜೂನ್ 19

ಕೂಸೇ,

ಪತ್ರ ಬಂದ ದಿನ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಚಿಕ್ಕಪ್ಪ ನನ್ನ ಬಿ.ಪಿ. ನೋಡಿಸಿದ. ಬಾಟಲಿಗಾಗಿ ಅಲ್ಲ, ಸೀಮೆಸುಣ್ಣಕ್ಕಾಗಿ. ಗುರುತು ಹಾಕಿದ ಮೇಲೆ ಕೆಲಸ ಆಗಿರಲೇಬೇಕು. ಈ ಒಂದು ಮಾತಿನ ಮೇಲೆ ನಾನು ಬದುಕಿದೆ.

ವೈನ್ ಚೆನ್ನಾಗಿದೆ ಎಂದು ಈಗ ನಂಬಿದ್ದೇನೆ. ಇಷ್ಟು ದೊಡ್ಡದನ್ನು ಒಪ್ಪಿಕೊಂಡವಳು ರುಚಿಯ ವಿಷಯದಲ್ಲಿ ಸುಳ್ಳು ಹೇಳಲಾರಳು. ಆದರೆ ನೆಮ್ಮದಿಯಾಗಲಿಲ್ಲ. ಆರು ವಾರ ಯಾಕೆ ಬರೆಯಲಿಲ್ಲ ಎಂದರೆ, ನೀನು ಒಪ್ಪಿಕೊಂಡ ಹಾಗೆ ನಾನೂ ಒಂದನ್ನು ಒಪ್ಪಿಕೊಳ್ಳಬೇಕಾಗಿದೆ.

ನೀನು ಕಾಲೇಜಿನಲ್ಲಿದ್ದಾಗ ನಮ್ಮಲ್ಲಿ ಒಬ್ಬ ಫಿಟ್ಟರ್ ಇದ್ದ. ಎತ್ತರದ ಆಳು, ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಬಿಡಿ ಶಾಫ್ಟ್ ತಿರುಗಿಸುವ ಕೆಲಸ ಅವನದು. ನನಗೆ ಅನುಮಾನ ಬಂದು ಶಾಫ್ಟಿಗೂ ಅದರ ಅಡಿಯ ಆಸರೆಗೂ ನಡುವೆ ಒಂದು ನೂಲೆಳೆ ಅಂಟಿಸಿದೆ. ಏಳು ವಾರವಾದರೂ ನೂಲು ಹರಿಯಲಿಲ್ಲ. ಗುರುತು ಮಾತ್ರ ಪ್ರತಿ ವಾರ ಹೊಸದು. "ಏಳು ವಾರ ತಿರುಗಿಸದ ಕಾರಣ ಶಾಫ್ಟ್ ಬಾಗಿರುವ ಸಂಭವವಿದೆ" ಎಂದು ವರದಿ ಬರೆದೆ. ಅವನ ಕೆಲಸ ಹೋಯಿತು. ಇಡೀ ಕೇಂದ್ರದಲ್ಲಿ ಉದ್ದಣ್ಣ ಶಾಫ್ಟ್ ಬಾಗಿಸಿದ ಎಂದೇ ಮಾತಾಯಿತು.

ತಿಂಗಳಾದ ಮೇಲೆ ಅಳತೆ ತೆಗೆದೆವು. ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಪಾಲು. ಅಂದರೆ ಬಾಗಿರಲಿಲ್ಲ. ಕಾರ್ಖಾನೆಯಿಂದ ಬಂದ ದಿನ ಎಷ್ಟಿತ್ತೋ ಅಷ್ಟೇ. ಅಳತೆಯನ್ನು ಪುಸ್ತಕದಲ್ಲಿ ಬರೆದೆ, ಅವನಿಗೆ ಹೇಳಲಿಲ್ಲ. ಅವನು ಸುಳ್ಳು ಬರೆದದ್ದು ನಿಜ ತಾನೆ, ಶಿಕ್ಷೆ ಸರಿಯೇ ಎಂದು ನನಗೆ ನಾನೇ ಹೇಳಿಕೊಂಡೆ. ಶಿಕ್ಷೆ ಸರಿಯೇ. ಆದರೆ ಆ ಉಕ್ಕನ್ನು ತಾನು ಹಾಳು ಮಾಡಿದೆ ಎಂಬ ನಂಬಿಕೆಯನ್ನು ಅವನ ಹೆಗಲ ಮೇಲೆ ಬಿಟ್ಟು ಬಂದೆನಲ್ಲ, ಅದು ಯಾವ ನಿಯಮದಲ್ಲಿತ್ತು?

ವೈನ್ ಹಾಳು ಮಾಡಿದೆ ಎಂದುಕೊಂಡು ನಾನು ಎರಡು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ. ಅವನು ಇಪ್ಪತ್ತಮೂರು ವರ್ಷ ಹೇಗೆ ಊಟ ಮಾಡಿದ?

ರೈಲ್ವೆ ಸೇತುವೆಯ ಆಚೆ ಹೊಲಿಗೆ ಯಂತ್ರ ರಿಪೇರಿ ಅಂಗಡಿ ಇಟ್ಟಿದ್ದಾನೆ ಎಂದು ಕೇಳಿದ್ದೇನೆ. ಆ ಬೀದಿಗೆ ನಾನು ಎಂದೂ ಹೋಗಲಿಲ್ಲ. ನೀನು ಹೋಗು. ಅಳತೆ ಹೇಳು. ನನ್ನ ಪರವಾಗಿ ಬೇರೇನೂ ಹೇಳಬೇಡ. ನಾನು ಒಳ್ಳೆಯವನು ಎಂದಂತೂ ಹೇಳಲೇಬೇಡ. ಮೇಲಿನ ಸಾಲಿನ ಒಂದು ಬಾಟಲಿ ತೆಗೆದುಕೊಂಡು ಹೋಗು.

ಅಪ್ಪ


ಜುಲೈ 13

ಅಪ್ಪ,

ಬಾಟಲಿಯನ್ನು ಎರಡು ವಾರ ನಿಲ್ಲಿಸಿಟ್ಟು, ತುಂಬಿದ ಕೊಡ ಹೊತ್ತವಳ ಹಾಗೆ ಸೇತುವೆ ದಾಟಿ ನಡೆದೇ ಹೋದೆ. ಬಸ್ಸಿನ ಕುಲುಕಾಟ ಬೇಡವೆನಿಸಿತು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ಬಾಗಿಲಿನಷ್ಟೇ ಅಗಲದ ಅಂಗಡಿ. ಅವರು ತಲೆ ತಗ್ಗಿಸಿ ಕೂತು ಒಂದು ಯಂತ್ರದ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದರು. ಕೂತರೂ ನನ್ನ ಭುಜಕ್ಕೆ ಬರುತ್ತಾರೆ.

"ಮಶಿನ್ ಎಲ್ಲಮ್ಮ?"

"ಮಶಿನ್ ಇಲ್ಲ. ಬಾಟಲಿ ತಂದಿದ್ದೀನಿ."

"ಬಾಟಲಿ ರಿಪೇರಿ ಮಾಡಲ್ಲ. ಖಾಲಿ ಮಾಡ್ಕೊಡ್ತೀನಿ ಬೇಕಾದ್ರೆ."

ನಾನು ಯಾರ ಮಗಳು ಎಂದು ಹೇಳಿದೆ. ಎಣ್ಣೆಯ ಡಬ್ಬಿ ನಿಲ್ಲಲಿಲ್ಲ, ಹನಿ ಮಾತ್ರ ಬೀಳಬಾರದ ಕಡೆ ಬಿತ್ತು.

"ಸಾಹೇಬ್ರು ಇದ್ದಾರಾ?"

"ಇದ್ದಾರೆ."

"ಇರ್ಲಿ," ಎಂದರು. ಯಾವ ಅರ್ಥದಲ್ಲಿ ಎಂದು ಮನೆಗೆ ಮರಳುವ ದಾರಿಯುದ್ದಕ್ಕೂ ಯೋಚಿಸಿದರೂ ನನಗೆ ತಿಳಿಯಲಿಲ್ಲ.

ಬರುವಾಗ ಕಟ್ಟಿಕೊಂಡಿದ್ದ ಪೀಠಿಕೆಯೆಲ್ಲ ಮರೆತುಹೋಯಿತು. "ಶಾಫ್ಟ್ ಬಾಗಿರಲಿಲ್ಲವಂತೆ" ಎಂದುಬಿಟ್ಟೆ.

"ಯಾವ ಶಾಫ್ಟು?" ಎಂದರು. ಕೇಳುವಾಗಲೇ ಕೈ ಯಂತ್ರದಿಂದ ಈಚೆ ಬಂದಿತ್ತು. ಆಮೇಲೆ, "ಎಷ್ಟು ಬಂತು?"

ನಿಮ್ಮ ಪತ್ರ ತೆಗೆದು ಅಳತೆ ಓದಿದೆ. ಇನ್ನೊಮ್ಮೆ ಓದಿ ಎಂದರು. ಓದಿದೆ. ಪತ್ರವನ್ನು ಇಸಿದುಕೊಂಡು, ಕನ್ನಡಕ ಹಣೆಗೇರಿಸಿ, ಆ ಒಂದು ಸಾಲಿನ ಕೆಳಗೆ ಬೆರಳಿಟ್ಟು ತಾವೇ ಓದಿದರು.

"ನೂರರಲ್ಲಿ ಎರಡು," ಎಂದರು. "ಹೊಸದೂ ಅಷ್ಟೇ ಇರುತ್ತಮ್ಮ. ಅಂದ್ರೆ ಅದು ಅಲುಗಾಡ್ಲೇ ಇಲ್ಲ. ಏಳು ವಾರ ಸುಮ್ನೆ ಮಲಗಿತ್ತು, ಏನೂ ಆಗ್ಲಿಲ್ಲ."

ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿದರು. "ಊರಲ್ಲಿ ಕರೆಂಟ್ ಹೋದಾಗೆಲ್ಲ ನಮ್ಮವಳು 'ಬಂತು ನೋಡಿ, ನಿಮ್ಮ ಶಾಫ್ಟು' ಅಂತಿದ್ಲು. ತಮಾಷೆಗೇ. ನಾನೂ ನಗ್ತಿದ್ದೆ. ನಕ್ಕು, ಮೇಣದಬತ್ತಿ ಹುಡುಕೋ ನೆಪದಲ್ಲಿ ಒಳಗೆ ಹೋಗ್ತಿದ್ದೆ. ಅವಳು ಹೋಗಿ ಮೂರು ವರ್ಷ ಆಯ್ತು. ಅವಳಿಗೆ ಹೇಳ್ಬಹುದಿತ್ತು."

ಯಾಕೆ ತಿರುಗಿಸಲಿಲ್ಲ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. "ಅದಕ್ಕೆ ಇಬ್ಬರು ಬೇಕಮ್ಮ. ಜೊತೆಯವನು ಕಾಯಿಲೆ ಬಿದ್ದಿದ್ದ. ಇನ್ನೊಬ್ಬನ್ನ ಕೊಡಿ ಅಂತ ಕೇಳ್ಬೇಕಿತ್ತು. ನಿಮ್ಮಪ್ಪನ ಕೋಣೆ ಬಾಗಿಲವರೆಗೂ ಹೋದೆ, ಎರಡು ಸಲ. ಒಳಗೆ ಯಾರಿಗೋ ಬೈತಿದ್ರು. ವಾಪಸ್ ಬಂದು ಗುರುತು ಹಾಕ್ದೆ. ಸುಳ್ಳು ಗುರುತೇ. ಅದಕ್ಕೆ ಕೆಲಸ ಹೋಯ್ತು, ಹೋಗ್ಬೇಕಾದ್ದೇ. ಆದ್ರೆ ಇದು..." ಎಂದು ನಿಮ್ಮ ಪತ್ರವನ್ನು ಬೆರಳಿನಿಂದ ತಟ್ಟಿದರು.

ನೀವು ಹೇಳಿದಂತೆ ನಿಮ್ಮ ಪರವಾಗಿ ಒಂದು ಮಾತೂ ಆಡಲಿಲ್ಲ. ಕಷ್ಟವಾಯಿತು.

ಬಾಟಲಿ ಅಲ್ಲೇ ತೆರೆದೆವು. ಬಿರಟೆ ತೆಗೆಯುವ ಕೆಲಸವನ್ನು ನನ್ನ ಕೈಯಿಂದ ಕಿತ್ತುಕೊಂಡವರ ಹಾಗೆ ತೆಗೆದುಕೊಂಡು, ಎರಡು ಸಣ್ಣ ಕೊಕ್ಕೆಗಳಿಂದ ಒಂದು ಚೂರೂ ಮುರಿಯದೆ ಎತ್ತಿದರು. ಅಷ್ಟು ಎತ್ತರದ ಮನುಷ್ಯನ ಬೆರಳುಗಳು ಅಷ್ಟು ನವಿರಾಗಿ ಓಡುವುದನ್ನು ನೋಡುತ್ತ ನಿಂತೆ. ಟೀ ಕುಡಿಯುವ ಗಾಜಿನ ಲೋಟಗಳಿಗೆ ಬಗ್ಗಿಸಿದೆ. ಅರ್ಧ ಗಂಟೆ ಕಾಯಬೇಕು ಎಂದೆ. "ಇಪ್ಪತ್ತಮೂರು ವರ್ಷ ಕಾದಿದ್ದೀನಿ ಬಿಡಿ," ಎಂದರು. ಕಾದೆವು. ಒಬ್ಬ ಟೈಲರಮ್ಮ ಬಂದು ತನ್ನ ಯಂತ್ರ ಆಯಿತಾ ಎಂದು ಕೇಳಿ, ಲೋಟಗಳನ್ನು ನೋಡಿ, ಮೂಗನ್ನು ಗಾಳಿಗೆ ಒಡ್ಡಿ, "ಏನಿದು ವಾಸನೆ, ಯಾರ ಮನೆ ಮದುವೆ?" ಎಂದು ಕೇಳಿ ಹೋದಳು.

ಮೊದಲ ಗುಟುಕಿಗೆ ಅವರು ಕಣ್ಣು ಮುಚ್ಚಿದರು. ಗಂಟಲು ದಾಟಿದ ಮೇಲೂ ತೆರೆಯಲಿಲ್ಲ. ಆ ಒಂದು ನಿಮಿಷ ನನಗೆ ಗೊತ್ತಿತ್ತು, ಅದರ ಯಾವ ತಿರುವಿನಲ್ಲಿ ಈಗ ಅವರಿದ್ದಾರೆ ಎಂಬುದೂ ಗೊತ್ತಿತ್ತು. ಒಂದು ರುಚಿಯೊಳಗೆ ಇನ್ನೊಬ್ಬರು ನಡೆದುಹೋಗುವುದನ್ನು ಹೊರಗೆ ನಿಂತು ನೋಡಬಹುದು ಎಂದು ನಾನು ಎಂದೂ ಯೋಚಿಸಿರಲಿಲ್ಲ. ಅವರ ಮುಖದಲ್ಲಿ ಬಿಗಿದಿದ್ದದ್ದು ಒಂದೊಂದಾಗಿ ಸಡಿಲವಾಯಿತು, ಮೊದಲು ಹುಬ್ಬು, ಆಮೇಲೆ ದವಡೆ. ಲೋಟವನ್ನು ಮೇಜಿನ ಮೇಲೆ, ಸದ್ದೇ ಆಗದ ಹಾಗೆ ಇಟ್ಟರು.

"ಇದಕ್ಕೆ ಎಷ್ಟು ವರ್ಷ?"

"ಮೂವತ್ತರ ಮೇಲೆ. ಅಪ್ಪ ವಾರ ವಾರ ಕಾಲು ಸುತ್ತು ತಿರುಗಿಸುತ್ತಿದ್ದರು."

ಅವರು ನನ್ನನ್ನು ನೋಡಿದರು, ಬಾಟಲಿಯನ್ನು ನೋಡಿದರು. ಆಮೇಲೆ ನಕ್ಕರು. ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ಮೇಜು ಹಿಡಿದುಕೊಂಡು ನಕ್ಕರು. "ಬಾಟಲೀನೂ ಬಿಡ್ಲಿಲ್ವಾ ಸಾಹೇಬ್ರು! ಗುರುತೂ ಹಾಕ್ತಿದ್ರಾ?"

"ಹಾಕ್ತಿದ್ದರು. ನನ್ನ ಸಾಲಿನ ಗುರುತುಗಳು ಸುಳ್ಳು."

ನಗು ನಿಂತಿತು. ನನ್ನನ್ನು ಹೊಸದಾಗಿ ನೋಡಿದರು. ಇನ್ನೊಂದಿಷ್ಟು ವೈನನ್ನು ನನ್ನ ಲೋಟಕ್ಕೇ ಮೊದಲು ಬಗ್ಗಿಸಿದರು.

ಹೊರಡುವಾಗ, ನಿಮಗೆ ಏನಾದರೂ ಬರೆಯಬೇಕೇ ಎಂದು ಕೇಳಿದೆ.

"ಬೈಯೋದಿದೆ," ಎಂದರು. "ತುಂಬಾ ಇದೆ. ಕಾಗದದಲ್ಲಿ ಬೈದ್ರೆ ಬೈದ ಹಾಗೆ ಆಗಲ್ಲ. ಎದುರಿಗೆ ಕೂತು ಬೈಬೇಕು."

ವಿಳಾಸ ಕೇಳಿದರು. ಕೊಡುವ ಮೊದಲು ಒಂದು ಕ್ಷಣ ಹಿಂಜರಿದೆ. ನಿಮ್ಮನ್ನು ಕೇಳಿ ಕೊಡಬೇಕಿತ್ತೇನೋ. ಆದರೆ ನಿಮ್ಮನ್ನು ಕಾಪಾಡಲು ಹೋದಾಗಲೆಲ್ಲ ನಾನು ನಿಮ್ಮದೇನನ್ನೋ ಕದ್ದಿದ್ದೇನೆ. ಕೊಟ್ಟೆ. ಭಾನುವಾರ ಬೆಳಗಿನ ರೈಲಿಗೆ ಬರುತ್ತಾರೆ. ಎರಡು ಬಾಟಲಿ ಕಳಿಸುತ್ತಿದ್ದೇನೆ, ಒಂದು ನಿಮ್ಮ ಸಾಲಿನದು, ಒಂದು ನನ್ನದು. ದಾರಿಯುದ್ದಕ್ಕೂ ತೊಡೆಯ ಮೇಲೆ ನೆಟ್ಟಗೆ ಹಿಡಿದು ಕೂರುತ್ತೇನೆ ಎಂದು ಮಾತು ಕೊಟ್ಟಿದ್ದಾರೆ.

ಚಿಕ್ಕಪ್ಪನಿಗೆ ಹೇಳಿಡಿ, ಬಂದವರನ್ನು ಗೇಟಿನಲ್ಲೇ ಉಪಚಾರ ಮಾಡಿ ತಣ್ಣಗಾಗಿಸುವುದು ಬೇಡ. ಬಾಗಿಲನ್ನು ನೀವೇ ತೆಗೆಯಿರಿ.

ನಿಮ್ಮ
ಮಗಳು